ಮೂರು ತಪ್ಪು ಉತ್ತರಗಳು

ಜಗತ್ತು ಯಾವುದರಿಂದ ಆಗಿದೆ? ಸುಮಾರು 2,600 ವರ್ಷಗಳ ಹಿಂದೆ, ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಗ್ರೀಕ್ ನಗರ ಮಿಲೆಟಸ್‌ನಲ್ಲಿ ಥೇಲ್ಸ್ ಈ ಪ್ರಶ್ನೆ ಎತ್ತಿದ. ದೇವತೆಗಳ ಕಥೆ ಹೇಳದೆ, ಎಲ್ಲಕ್ಕೂ ಮೂಲ ನೀರು ಎಂದ. ಅವನ ಶಿಷ್ಯನೆಂದು ಹೇಳಲಾಗುವ ಅನಾಕ್ಸಿಮಾಂಡರ್ ಇದನ್ನು ಒಪ್ಪಲಿಲ್ಲ. ಮೂಲವಸ್ತು ನೀರಲ್ಲ, ಎಲ್ಲೆಯೇ ಇಲ್ಲದ ಬೇರೊಂದು ಎಂದ. ಅನಂತರ ಬಂದ ಅನಾಕ್ಸಿಮಿನೀಸ್, ಗಾಳಿಯೇ ಮೂಲ. ಅದು ದಟ್ಟವಾದರೆ ನೀರು, ಮಣ್ಣು, ಕಲ್ಲು. ವಿರಳವಾದರೆ ಬೆಂಕಿ ಎಂದು ವಾದಿಸಿದ.

ಇಂದಿನ ಪರೀಕ್ಷೆಯಲ್ಲಿ ಮೂವರಿಗೂ ಸೊನ್ನೆ! ಆದರೆ ಕಾರಣ ಕೇಳುವ, ಗುರುವಿನ ಉತ್ತರವನ್ನೂ ಒರೆಗೆ ಹಚ್ಚುವ ಆ ರೂಢಿಯಿಂದಲೇ ಗ್ರೀಕ್ ತತ್ತ್ವಶಾಸ್ತ್ರ ಹುಟ್ಟಿತು. ವಿಜ್ಞಾನದ ಬೇರೂ ಅಲ್ಲಿದೆ. ಮಗು ‘ಯಾಕೆ?’ ಎಂದಾಗ ‘ಸುಮ್ಮನೆ ಓದು’ ಎನ್ನುವ ತಂದೆತಾಯಂದಿರು ಇದನ್ನು ನೆನೆಯಬೇಕು. ಉತ್ತರ ತಿಳಿಯದಿದ್ದರೆ ‘ಬಾ, ಹುಡುಕೋಣ’ ಎಂದರಾಯಿತು.