ಮಹಾಮಾರಿಯೂ ಮಕ್ಕಳ ಶಸ್ತ್ರಚಿಕಿತ್ಸೆಯೂ

ಕೊರೋನಾ ಎಂದೊಡನೆ ನಮಗೆಲ್ಲ ನೆನಪಾಗುವುದು ಜ್ವರ, ಮುಖಗವಸು ಮತ್ತು ಮುಚ್ಚಿದ ಶಾಲೆಗಳು. ಆದರೆ ಆ ರೋಗ ತಗಲದೆಯೇ ಅದರ ಪೆಟ್ಟು ತಿಂದ ಮಕ್ಕಳೂ ಇದ್ದಾರೆ. ಶಸ್ತ್ರಚಿಕಿತ್ಸೆಗಾಗಿ ದಿನ ಗೊತ್ತುಮಾಡಿಕೊಂಡು ಕಾದಿದ್ದ ಮಕ್ಕಳು ಅವರು. ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ, ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ. ಆದರೂ ನಮ್ಮ ಕುಟುಂಬದಲ್ಲಿ ನಡೆದ ಒಂದು ಸಂಗತಿ ಈ ವಿಷಯವನ್ನು ವಿಚಾರಿಸುವಂತೆ ಮಾಡಿತು. ತಿಳಿದಷ್ಟನ್ನು ಸಹಪಾಠಿಗಳ ಮತ್ತು ಗುರುಹಿರಿಯರ ಮುಂದಿಡುತ್ತೇನೆ.

ಬೆಳ್ತಂಗಡಿ ತಾಲೂಕಿನಲ್ಲಿರುವ ನನ್ನ ಚಿಕ್ಕಮ್ಮನಿಗೆ 2019ರ ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ಮಗುವಿನ ತುಟಿಯೂ ಸೀಳಿತ್ತು, ಅಂಗುಳೂ ಸೀಳಿತ್ತು. ಚಿಕ್ಕಮ್ಮ ಬೀಡಿ ಕಟ್ಟುವವರು. ಚಿಕ್ಕಪ್ಪನಿಗೆ ಅಡಿಕೆ ತೋಟದಲ್ಲಿ ಕೂಲಿ ಕೆಲಸ. ಆ ವರ್ಷದ ನವೆಂಬರಿನಲ್ಲಿ ತುಟಿಯ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಅಂಗುಳಿನದಕ್ಕೆ 2020ರ ಏಪ್ರಿಲ್ ತಿಂಗಳನ್ನು ಗೊತ್ತುಮಾಡಿದ್ದರು. ಅಷ್ಟರಲ್ಲಿ, ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಆಸ್ಪತ್ರೆಯಿಂದ ಫೋನು ಬಂತು: “ಇದು ಎಲೆಕ್ಟಿವ್ ಕೇಸು, ಎಲ್ಲ ಮುಗಿದ ಮೇಲೆ ನೋಡೋಣ.”

“ಮಗಾ, ನೀನು ಶಾಲೆಗೆ ಹೋಗುವವನಲ್ಲವಾ, ಹಾಗೆಂದರೆ ಏನು?” ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು. ನಾನಾಗ ಒಂಬತ್ತನೆಯ ತರಗತಿ. ನಿಘಂಟು ತೆರೆದು ನೋಡಿ, “ಐಚ್ಛಿಕ ಅಂತ, ಬೇಕಾದರೆ ಮಾಡಿಸಬಹುದು, ಬೇಡವಾದರೆ ಬಿಡಬಹುದು” ಎಂದೆ. ಈ ಮಾತನ್ನು ವಾಚಕರು ದಯವಿಟ್ಟು ನೆನಪಿಡಬೇಕು.

ಮೊದಲು ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯನ್ನು ಏಕೆ ನಿಲ್ಲಿಸಿದವು ಎಂಬುದನ್ನು ನೋಡೋಣ. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವಂತೆ ಕೇಂದ್ರದ ಆರೋಗ್ಯ ಇಲಾಖೆ 2020ರ ಮಾರ್ಚಿನಲ್ಲಿಯೇ ಸೂಚಿಸಿತ್ತು. ಇದಕ್ಕೆ ತಕ್ಕ ಕಾರಣಗಳಿದ್ದವು. ಅರಿವಳಿಕೆ ಕೊಡುವಾಗ ರೋಗಿಯ ಗಂಟಲಿಗೆ ಕೊಳವೆ ಇಳಿಸಬೇಕಾಗುತ್ತದೆ. ಆಗ ಹೊರಬೀಳುವ ಉಸಿರಿನ ಸೂಕ್ಷ್ಮ ಹನಿಗಳಿಂದ ವೈದ್ಯರಿಗೂ ದಾದಿಯರಿಗೂ ಸೋಂಕು ತಗಲಬಹುದು. ಉಸಿರಾಟದ ಯಂತ್ರಗಳೂ ಅರಿವಳಿಕೆ ತಜ್ಞರೂ ಕೊರೋನಾ ರೋಗಿಗಳಿಗೆ ಬೇಕಾಗಿದ್ದರು. ರಕ್ಷಣಾ ಉಡುಪುಗಳು ಸಾಕಷ್ಟಿರಲಿಲ್ಲ. 1848ರಲ್ಲಿ ಆರಂಭವಾದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಕೊರೋನಾ ಆಸ್ಪತ್ರೆಯಾಗಿ ಮಾರ್ಪಟ್ಟಿತು. ಜಗತ್ತಿನಲ್ಲೆಲ್ಲ ಇದೇ ಕಥೆ. ಅತ್ಯಂತ ಕಷ್ಟದ ಹನ್ನೆರಡು ವಾರಗಳಲ್ಲಿಯೇ ಸುಮಾರು 2 ಕೋಟಿ 84 ಲಕ್ಷ ಶಸ್ತ್ರಚಿಕಿತ್ಸೆಗಳು ರದ್ದಾಗುವುವು ಅಥವಾ ಮುಂದೆ ಹೋಗುವುವು ಎಂದು ಶಸ್ತ್ರವೈದ್ಯರ ಒಂದು ಅಂತರರಾಷ್ಟ್ರೀಯ ತಂಡ 2020ರಲ್ಲಿ ಅಂದಾಜು ಮಾಡಿತು. ಆದುದರಿಂದ ಆಸ್ಪತ್ರೆಗಳನ್ನು ದೂರುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಮುಂದೂಡುವುದೆಂಬುದು ದೊಡ್ಡವರಿಗೂ ಮಕ್ಕಳಿಗೂ ಒಂದೇ ಅಲ್ಲ. ಐವತ್ತು ವರ್ಷದವರ ಹರ್ನಿಯಾವನ್ನು ಎಷ್ಟೋ ಸಲ ಆರು ತಿಂಗಳು ತಡವಾಗಿ ಸರಿಪಡಿಸಿದರೂ ನಡೆಯುತ್ತದೆ. ಮಗುವಾದರೋ ಬೆಳೆಯುತ್ತಿರುವ ಜೀವ. ಅದರ ಒಂದೊಂದು ಅಂಗಕ್ಕೂ ಒಂದೊಂದು ಗಡುವಿದೆ. ಪಿತ್ತನಾಳ ಮುಚ್ಚಿಕೊಂಡು ಹುಟ್ಟಿದ ಶಿಶುವಿಗೆ ಸುಮಾರು 60 ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಕೆಡುತ್ತದೆ. ವೃಷಣ ಕೆಳಗಿಳಿಯದ ಗಂಡುಮಗುವಿಗೆ 6ರಿಂದ 18 ತಿಂಗಳೊಳಗೆ ಮಾಡಿಸಬೇಕೆನ್ನುತ್ತಾರೆ. ಪಾದ ಒಳಕ್ಕೆ ತಿರುಚಿ ಹುಟ್ಟಿದ ಶಿಶುವಿಗೆ ಮೊದಲ ವಾರಗಳಿಂದಲೇ ವಾರಕ್ಕೊಮ್ಮೆ ಪ್ಲಾಸ್ಟರ್ ಪಟ್ಟಿ ಬದಲಾಯಿಸುತ್ತ ಬಂದು, ಕೊನೆಗೆ ಹೆಚ್ಚಿನವರಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸ್ವಲ್ಪ ಕತ್ತರಿಸುತ್ತಾರೆ. ವಾರ ತಪ್ಪಿದರೆ ಕೆಲಸ ಕೆಡುತ್ತದೆ.

ನಮ್ಮ ಮಗುವಿನ ವಿಷಯಕ್ಕೆ ಬಂದರೆ, ಅಂಗುಳಿನ ಗಡುವು ಮಾತಿನದು. ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ, ಎಂದರೆ ಮಾತು ಕುದುರುವ ಮುನ್ನ, ಅದನ್ನು ಮುಚ್ಚುತ್ತಾರೆ. ಪವರ್ಗದ ಐದನೆಯ ಅಕ್ಷರ ಅನುನಾಸಿಕವೆಂದು ವ್ಯಾಕರಣದಲ್ಲಿ ನಾವೆಲ್ಲ ಕಲಿತಿದ್ದೇವೆ. ‘ಪ’ ಎನ್ನಲು ಬಾಯಿಯೊಳಗೆ ಗಾಳಿಯನ್ನು ತಡೆದು ಬಿಡಬೇಕು. ‘ಮ’ ಎನ್ನುವಾಗ ಗಾಳಿ ಮೂಗಿನಿಂದ ಹೋಗುತ್ತದೆ. ಅಂಗುಳು ಸೀಳಿದ್ದರೆ ಗಾಳಿ ಬಾಯಿಯಲ್ಲಿ ನಿಲ್ಲುವುದೇ ಇಲ್ಲ. ‘ಪ’ಕಾರವೂ ‘ಮ’ಕಾರದಂತೆಯೇ ಕೇಳಿಸುತ್ತದೆ. ನಮ್ಮ ಮನೆಮಾತು ತುಳು. ತುಳುವಿನಲ್ಲಿ ತಾಯಿಗೆ ‘ಅಪ್ಪೆ’, ತಂದೆಗೆ ‘ಅಮ್ಮೆ’. ಮಗು ಚಿಕ್ಕಮ್ಮನ ಮುಖ ನೋಡಿಕೊಂಡೇ ‘ಅಮ್ಮೆ’ ಎನ್ನುತ್ತಿತ್ತು. ನಾವೆಲ್ಲ ನಕ್ಕೆವು. ತಂದೆಯ ಮೇಲೆ ಪ್ರೀತಿ ಹೆಚ್ಚು ಎಂದುಕೊಂಡೆವು.

ಶಸ್ತ್ರಚಿಕಿತ್ಸೆ ಕೊಠಡಿಯೊಂದರಲ್ಲಿಯೇ ನಡೆಯುವುದಲ್ಲ, ಅದೊಂದು ಸರಪಳಿ. ಅದರ ಮೊದಲ ಕೊಂಡಿ ಅಂಗನವಾಡಿ ಮತ್ತು ಶಾಲೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಮಕ್ಕಳನ್ನು ಪರೀಕ್ಷಿಸಿ, ಹುಟ್ಟಿನಿಂದ ಬಂದ ನ್ಯೂನತೆಗಳನ್ನು ಕಂಡುಹಿಡಿಯುವುದು ಅಲ್ಲಿಯೇ. ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರ್ 25ರಂದು. ಬಾಗಿಲು ಮುಚ್ಚಿದ ಶಾಲೆಯಲ್ಲಿ ಯಾರು ಯಾರನ್ನು ಪರೀಕ್ಷಿಸುವುದು? ಎರಡನೆಯ ಕೊಂಡಿ ಬಸ್ಸು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ಮಕ್ಕಳ ದೊಡ್ಡ ಶಸ್ತ್ರಚಿಕಿತ್ಸೆಗೆ ಮಂಗಳೂರಿಗೋ ಮಣಿಪಾಲಕ್ಕೋ ಹೋಗುವುದು ರೂಢಿ. ರಾಜ್ಯದಾದ್ಯಂತ ಸರಕಾರಿ ಬಸ್ಸುಗಳ ಎಂದಿನ ಓಡಾಟ 2020ರ ಮೇ 19ರವರೆಗೆ ಇರಲಿಲ್ಲ. ಕಾಸರಗೋಡಿನವರಿಗಂತೂ ತಲಪಾಡಿಯ ಗಡಿಯೇ ಮುಚ್ಚಿತ್ತು. ಮೂರನೆಯ ಕೊಂಡಿ ರಕ್ತ. ಕಾಲೇಜು ಮುಚ್ಚಿದಾಗ ನಮ್ಮಂತಹ ವಿದ್ಯಾರ್ಥಿಗಳ ರಕ್ತದಾನ ಶಿಬಿರಗಳೂ ನಿಂತವು. ನಾಲ್ಕನೆಯದು ಭಯ. ಅಪೆಂಡಿಕ್ಸ್‌ನಂತಹ ತುರ್ತು ಶಸ್ತ್ರಚಿಕಿತ್ಸೆ ನಿಂತಿರಲಿಲ್ಲ; ಆದರೆ ಆಸ್ಪತ್ರೆಗೆ ಹೋದರೆ ಕೊರೋನಾ ಬಂದೀತೆಂದು ಹೆತ್ತವರು ಮನೆಯಲ್ಲಿಯೇ ಕಾದರು. ಆ ಕಾಲದಲ್ಲಿ ಅಪೆಂಡಿಕ್ಸ್ ಒಡೆದ ಮೇಲೆ ಬಂದ ಮಕ್ಕಳ ಪ್ರಮಾಣ ಹೆಚ್ಚಾಯಿತೆಂದು ಅನೇಕ ದೇಶಗಳ ವೈದ್ಯರು ವರದಿ ಮಾಡಿದ್ದಾರೆ.

ಇವುಗಳ ಜೊತೆಗೆ ಐದನೆಯ ಕೊಂಡಿಯೊಂದಿದೆ: ಮಾತು. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯವರು ಮತ್ತೆ ಫೋನು ಮಾಡಿದ್ದರು. ಬೀಡಿ ಕೆಲಸ ಕಡಿಮೆಯಾಗಿ ಕೈಯಲ್ಲಿ ಕಾಸಿರಲಿಲ್ಲ. “ಬೇಡವಾದರೆ ಬಿಡಬಹುದಂತೆ, ಓದಿದ ಹುಡುಗ ಹೇಳಿದ್ದಾನೆ” ಎಂದು ಚಿಕ್ಕಮ್ಮ ಸುಮ್ಮನಾದರು. 2021ರ ಜನವರಿಯಲ್ಲಿ ಮನೆಗೆ ಬಂದ ಆಶಾ ಕಾರ್ಯಕರ್ತೆ ಮಗುವಿನ ಮಾತು ಕೇಳಿ ಗದರಿಸಿದ ಮೇಲೆಯೇ ಎಲ್ಲರಿಗೂ ಎಚ್ಚರವಾದುದು. ಫೆಬ್ರವರಿಯಲ್ಲಿ ಅಂಗುಳನ್ನು ಮುಚ್ಚಿದರು. ಮಗುವಿಗಾಗ 21 ತಿಂಗಳು. ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು, ಮಾತು ತಿದ್ದುವ ತರಬೇತಿಯೂ ತಿಂಗಳುಗಟ್ಟಲೆ ತಪ್ಪಿತು.

ನಮ್ಮಲ್ಲಿ ಅನೇಕರು ಕಾಲೇಜಿನಲ್ಲಿ ಐಚ್ಛಿಕ ಕನ್ನಡವನ್ನೋ ಐಚ್ಛಿಕ ಇತಿಹಾಸವನ್ನೋ ಓದುತ್ತಿದ್ದೇವೆ. ಆ ಅರ್ಥ ಇಲ್ಲಿ ಸಲ್ಲದು. ಎಲೆಕ್ಟಿವ್ ಎಂದರೆ ದಿನವನ್ನು ಮುಂಚಿತವಾಗಿ ಆರಿಸಿಕೊಳ್ಳಬಹುದು ಎಂದಷ್ಟೇ ಅರ್ಥ. ಮಾಡಿಸದಿದ್ದರೂ ನಡೆಯುತ್ತದೆ ಎಂದಲ್ಲ. ನಿಘಂಟಿನಲ್ಲಿ ನಾನು ಕಂಡುದು ಸುಳ್ಳಲ್ಲ, ಆದರೆ ಅದು ಸಾಲದಾಯಿತು.

ಮತ್ತೊಂದು ಮಹಾಮಾರಿ ಬಾರದಿರಲಿ. ಬಂದರೆ, ಕಾದಿರುವ ಮಕ್ಕಳ ಪಟ್ಟಿಯನ್ನು ದೊಡ್ಡವರ ಪಟ್ಟಿಯಿಂದ ಬೇರೆಯಾಗಿಟ್ಟು, ಪ್ರತಿಯೊಂದು ಹೆಸರಿನ ಮುಂದೆಯೂ ಇಂತಿಷ್ಟು ವಯಸ್ಸಿನೊಳಗೆ ಆಗಬೇಕೆಂದು ಬರೆದಿಡುವುದು ಆಸ್ಪತ್ರೆಗಳಿಗೆ ಸಾಧ್ಯವಾಗಬೇಕು. ನಮ್ಮ ಪಾಲಿನ ಕೆಲಸವೂ ಇದೆ. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಆಸ್ಪತ್ರೆಯ ಚೀಟಿ ಬಂದರೆ ನೆರೆಹೊರೆಯವರು ತರುವುದು ನಮ್ಮ ಬಳಿಗೇ. ಗೊತ್ತಿಲ್ಲದಿದ್ದರೆ ವೈದ್ಯರನ್ನು ಕೇಳಿ ಹೇಳುತ್ತೇನೆ ಎನ್ನಲು ನಾವು ನಾಚಬಾರದು.

ಆ ಮಗು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಅಂಗಳದಿಂದ ‘ಅಪ್ಪೆ’ ಎಂದು ಕೂಗಿದಳು. ಸ್ವಲ್ಪ ಮೂಗಿನಲ್ಲಿಯೇ ಬಂತು. ಆದರೆ ಒಳಗಿನಿಂದ ಓಗೊಟ್ಟವರು ಚಿಕ್ಕಮ್ಮನೇ.