ಮುತ್ತಜ್ಜ ಬೇಡ ಅಂದ ದ್ರಾಕ್ಷಾರಸ

ಮುತ್ತಜ್ಜ ಬೇಡ ಅಂದಿದ್ದನ್ನ
200 ವರ್ಷ ಕಳೆದ್ಮೇಲೂ ಮುಟ್ಟದೇ ಇರ್ತೀರಾ?

ಹೀಬ್ರೂ ಬೈಬಲ್. ಯೆರೆಮೀಯನ ಗ್ರಂಥ, 35ನೇ ಅಧ್ಯಾಯ.
ಜೆರುಸಲೇಮಿನ ದೇವಾಲಯ.
ಪ್ರವಾದಿ ಯೆರೆಮೀಯ, ರೇಕಾಬ್ಯರು ಅನ್ನೋ ಕುಲದವರನ್ನ ಕರೆಸಿ,
ಮುಂದೆ ದ್ರಾಕ್ಷಾರಸ ಇಡ್ತಾನೆ. ಕುಡೀರಿ ಅಂತಾನೆ.

ಅವರು ಒಲ್ಲೆವು ಅಂತಾರೆ.

ಯಾಕಂದ್ರೆ ಪೂರ್ವಜ ಯೋನಾದಾಬ ಹೇಳಿಹೋಗಿದ್ದ:
ಕುಡಿಯೋದು ಬೇಡ, ಬಿತ್ತೋದು ಬೇಡ,
ಮನೆನೂ ಬೇಡ. ಗುಡಾರ ಸಾಕು.

ಹೊಲ ಇಲ್ಲದ ಜನ.
ಈ ಮಾತೇ, ಪಹಣಿ ಥರ,
ಅಪ್ಪನಿಂದ ಮಗನ ಹೆಸರಿಗೆ ಬರ್ತಾ ಇತ್ತು!

ಕುರುಡು ಪಾಲನೆನಾ? ನನಗೇನೋ ಹಾಗನ್ಸಲ್ಲ.
ಬಾಬಿಲೋನಿನ ಸೈನ್ಯ ಬಂದಾಗ
ಗುಡಾರ ಬಿಟ್ಟು ಊರೊಳಗೆ ಬಂದಿದ್ರು.
ಅದೊಂದು ಸಡಿಲಿಸಿದ್ರು. ದ್ರಾಕ್ಷಾರಸದ ಮಾತು ಬಿಡಲಿಲ್ಲ.

ಯೆರೆಮೀಯ ಯೆಹೂದದ ಜನಕ್ಕೆ ಇವರನ್ನೇ ತೋರಿಸ್ತಾನೆ:
ಇವರು ಅಜ್ಜನ ಮಾತು ಮೀರಲ್ಲ,
ನೀವು ದೇವರ ಮಾತನ್ನೇ ಕೇಳಲ್ವಲ್ಲ?