ದಿನಕ್ಕೆರಡು ಅರಮನೆ

ಮೈಸೂರು ಅರಮನೆಯ ಮೈಮೇಲಿರುವ ಬಲ್ಬುಗಳು ಸುಮಾರು 97,000. ಸೆಕೆಂಡಿಗೆ ಒಂದರಂತೆ ಎಣಿಸಲು ಹೊರಟರೆ ಊಟ, ನಿದ್ದೆ ಬಿಟ್ಟು 27 ಗಂಟೆ ನಿಂತಿರಬೇಕು. ದೀಪ ಉರಿಯುವುದು ಮುಕ್ಕಾಲು ಗಂಟೆಯಾದ್ದರಿಂದ ಈ ಎಣಿಕೆ ಯಾರ ಕೈಯಲ್ಲೂ ಮುಗಿಯುವಂಥದ್ದಲ್ಲ!

ಇದೇ ದೊಡ್ಡದು ಅನ್ನಿಸಿದರೆ ಇನ್ನೊಂದು ಲೆಕ್ಕ ಕೇಳಿ. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಉಜಾಲಾ ಯೋಜನೆ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರು. ಐದೇ ವರ್ಷದಲ್ಲಿ ದೇಶದ ಮನೆಮನೆಗೆ ಹೋದ ಎಲ್‌ಇಡಿ ಬಲ್ಬುಗಳು 36 ಕೋಟಿ. ದಿನವೊಂದಕ್ಕೆ ಸುಮಾರು 2 ಲಕ್ಷ. ಅಂದರೆ ಭಾನುವಾರ, ಹಬ್ಬ ಎನ್ನದೆ ಐದು ವರ್ಷ ಪೂರ್ತಿ ದಿನಕ್ಕೆ ಎರಡೆರಡು ಅರಮನೆ! ಒಂದು ಬಲ್ಬಿನ ಉದ್ದ ಹೆಚ್ಚುಕಡಿಮೆ 11 ಸೆಂಟಿಮೀಟರ್. ಅಷ್ಟನ್ನೂ ತಲೆಗೆ ಬುಡ ತಾಗಿಸಿ ಮಲಗಿಸುತ್ತ ಹೋದರೆ ಸಾಲು 40 ಸಾವಿರ ಕಿಲೋಮೀಟರ್ ಆಗುತ್ತದೆ. ಮೈಸೂರಿನಿಂದ ಹೊರಟು ಭೂಮಿಯನ್ನೊಂದು ಸುತ್ತು ಹಾಕಿ ಮತ್ತೆ ಮೈಸೂರಿಗೇ ಬರುತ್ತದೆ. ಸರ್ಕಾರ 2014ರಲ್ಲಿ 310 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದ ಬಲ್ಬು ಮೂರು ವರ್ಷದೊಳಗೆ 38 ರೂಪಾಯಿಗೆ ಇಳಿದಿತ್ತು. ಇಳಿದದ್ದೆಲ್ಲಿ, ಬಿದ್ದದ್ದು!

ಹಿಂದೆಲ್ಲ ವೇಗ ಹೀಗಿರಲಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದು 1902ರಲ್ಲಿ. ಅದು ಮೊದಲು ಓಡಿದ್ದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಕೋಲಾರದ ಅರ್ಧದಷ್ಟು ದೂರದಲ್ಲಿದ್ದ, ಮಹಾರಾಜರೇ ವಾಸವಿದ್ದ ಮೈಸೂರಿಗೆ ಕರೆಂಟು ಬಂದದ್ದು 1908ರಲ್ಲಿ. ಚಿನ್ನದ ಮುಂದೆ ಅರಸರಿಗೂ ಸರದಿ ಸಾಲು!

ಜಗತ್ತೇ ಬೆರಗಾದ ಆ ಶಿವನಸಮುದ್ರ ಸ್ಥಾವರದ ಮೊದಲ ಸಾಮರ್ಥ್ಯ ಸುಮಾರು 6,000 ಅಶ್ವಶಕ್ತಿ, ಇಂದಿನ ಅಳತೆಯಲ್ಲಿ ಸುಮಾರು 4,500 ಕಿಲೋವಾಟ್. ಒಂದು ಮನೆಯ ತಾರಸಿಗೆ 3 ಕಿಲೋವಾಟ್ ಸೋಲಾರ್ ಎಂದರೆ 1,500 ಮನೆಗಳಿಗೆ ಸಮ. ಒಂದು ಬಡಾವಣೆ! ಬಿಸಿಲು ಹಗಲಿಗಷ್ಟೇ, ಕಾವೇರಿಗೆ ಇರುಳೂ ಹಗಲೂ ಒಂದೇ ಎಂದು ನೀವು ತಕರಾರು ತೆಗೆಯಬಹುದು. ತೆಗೆಯಿರಿ; ಹಾಗಾದರೆ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕಡೆ ನೋಡೋಣ. 100 ಲೀಟರಿನ ಸೋಲಾರ್ ವಾಟರ್ ಹೀಟರ್ ಒಂದು ವರ್ಷಕ್ಕೆ ಉಳಿಸುವುದು 1,500 ಯೂನಿಟ್‌ವರೆಗೆ. ಅಂಥ ಲಕ್ಷ ಹೀಟರುಗಳಿದ್ದರೆ 15 ಕೋಟಿ ಯೂನಿಟ್. 1902ರ ಶಿವನಸಮುದ್ರ ವರ್ಷವಿಡೀ ಒಂದು ಕ್ಷಣವೂ ನಿಲ್ಲದೆ ತಿರುಗಿದ್ದರೂ ಕೊಡುತ್ತಿದ್ದದ್ದು 4 ಕೋಟಿಯೊಳಗೆ. ಸ್ನಾನದ ನೀರು ಕಾಯಿಸುವುದರಲ್ಲೇ ನಾಲ್ಕು ಶಿವನಸಮುದ್ರ! ಬಚ್ಚಲೊಲೆಗೆ ತೆಂಗಿನ ಗರಿ ತುರುಕುತ್ತಿದ್ದ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಈಗ ಇಡೀ ಊರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲೇ ಮೈಸೂರಿನಲ್ಲಿ ಸುಮಾರು 9 ಲಕ್ಷ ಜನ. ಮನೆಗೆ ನಾಲ್ವರೆಂದರೆ 2 ಲಕ್ಷ ಮನೆ ದಾಟಿತು. ಪ್ರತಿ ಮನೆಗೂ 3 ಕಿಲೋವಾಟ್ ಹಾಕಿದರೆ 600 ಮೆಗಾವಾಟ್. ವಿಸ್ತರಣೆಯಾದ ಇಂದಿನ ಶಿವನಸಮುದ್ರ ಸ್ಥಾವರದ ಸಾಮರ್ಥ್ಯ 42 ಮೆಗಾವಾಟ್. ಅದರ 14 ಪಟ್ಟು ಕುವೆಂಪುನಗರ, ವಿಜಯನಗರ, ಸರಸ್ವತಿಪುರಂಗಳ ತಾರಸಿಯ ಮೇಲೆ! ಆಗುತ್ತದೆಯೇ ಎಂದರೆ, ಸದ್ಯಕ್ಕೆ ಅನುಮಾನ. 2023ರ ಜುಲೈನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಕರೆಂಟು ಉಚಿತ. ತಿಂಗಳ ಬಿಲ್ಲೇ ಸೊನ್ನೆ ಬರುವ ಮನೆಯವರು ತಾರಸಿಗೆ ದುಡ್ಡು ಹಾಕಲು ಯಾಕೆ ಹೊರಡುತ್ತಾರೆ?

ನಾವು ಯೋಚಿಸುತ್ತ ಕೂತಿದ್ದರೂ ಜಗತ್ತು ಕೂತಿಲ್ಲ. 2004ರಲ್ಲಿ ಭೂಮಿಯ ಮೇಲಿನ ಎಲ್ಲ ದೇಶಗಳೂ ಸೇರಿ 1,000 ಮೆಗಾವಾಟ್ ಸೋಲಾರ್ ಕೂರಿಸಲು ಹಿಡಿದದ್ದು ಒಂದು ವರ್ಷ. 2010ಕ್ಕೆ ಒಂದು ತಿಂಗಳು ಸಾಕಾಯಿತು. 2015ಕ್ಕೆ ಒಂದು ವಾರ. 2023ಕ್ಕೆ ಒಂದು ದಿನ! 2024ರಲ್ಲಿ ಒಟ್ಟು ಕೂತದ್ದು ಸುಮಾರು 6 ಲಕ್ಷ ಮೆಗಾವಾಟ್. ಆ ವೇಗದಲ್ಲಿ ಇಡೀ ಮೈಸೂರಿನ ಮನೆಗಳ 600 ಮೆಗಾವಾಟಿಗೆ ಬೇಕಾದದ್ದು 9 ಗಂಟೆ. ಬೆಳಿಗ್ಗೆ ತಿಂಡಿ ಮುಗಿಸಿ ಶುರು ಮಾಡಿದರೆ ಸಂಜೆ ಕಾಫಿಯ ಹೊತ್ತಿಗೆ ಕೊನೆಯ ಮನೆಯ ಕೊನೆಯ ಪ್ಯಾನೆಲ್ಲಿಗೆ ಬೋಲ್ಟು ಬಿಗಿದಾಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಸೂರ್ಯನಿಗೆ ಇದು ಗೊತ್ತೂ ಆಗುವುದಿಲ್ಲ. ಅವನಿಂದ ಭೂಮಿಗೆ ಬರುತ್ತಿರುವ ಶಕ್ತಿ 1,73,000 ಟೆರಾವಾಟ್. ಮನುಷ್ಯಕುಲ ವರ್ಷವಿಡೀ ಉರಿಸುವ ಕಲ್ಲಿದ್ದಲು, ಪೆಟ್ರೋಲು, ಅನಿಲ, ಕರೆಂಟು ಎಲ್ಲವನ್ನೂ ರಾಶಿ ಹಾಕಿದರೂ ಅದು ಅವನ ಒಂದು ಗಂಟೆಯ ಕೆಲಸ.

ಮತ್ತೆ ನಮ್ಮ ತಾರಸಿಗೆ ಬರೋಣ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಸೋಲಾರಿಗೆ ಸಿಗುವ ಸಹಾಯಧನ 78,000 ರೂಪಾಯಿ. ಬೇಕಾಗುವ ಜಾಗ ನೆರಳಿಲ್ಲದ ಸುಮಾರು 300 ಚದರಡಿ. ಈ ಭಾನುವಾರ ಟೇಪು ಹಿಡಿದು ತಾರಸಿ ಹತ್ತಿ, ಅಳೆದು ನೋಡಿ.